ದಿನವೂ ಭಾನುವಾರವಾದರೆ?

“ಇನ್ನೇನು ಸಾರ್ ನಿಮಗೆ, ದಿನವೂ ಭಾನುವಾರ!”

ಬೀಳ್ಕೊಡುಗೆ ಸಮಾರಂಭಗಳಲ್ಲಿ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ತಟ್ಟೆಗಳ ನಡುವೆ ಈ ಮಾತು ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಹೇಳಿದವರಿಗೆ ಒಂದಿಷ್ಟು ಅಸೂಯೆ, ಕೇಳಿಸಿಕೊಂಡವರಿಗೆ ಒಂದಿಷ್ಟು ಸಂಕೋಚ, ಸಭೆಗೆಲ್ಲ ನಗು. ಆದರೆ ನಿವೃತ್ತರಾಗಿ ಆರು ತಿಂಗಳು ಕಳೆದವರನ್ನು ಮಾತಾಡಿಸಿ ನೋಡಿ. ದಿನವೂ ಭಾನುವಾರ ಆಗುವುದಿರಲಿ, ಇದ್ದ ಒಂದು ಭಾನುವಾರವೂ ಎಲ್ಲಿಯೋ ಕಳೆದುಹೋಯಿತು ಎನ್ನುವವರು ಸಿಗುತ್ತಾರೆ. ಪಂಚಾಂಗದಲ್ಲಿ ಇದೆ, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಯಾಗಿ ಇದೆ, ಆದರೆ ಮನಸ್ಸಿಗೆ ಮಾತ್ರ ಅದು ಭಾನುವಾರ ಅನ್ನಿಸುವುದಿಲ್ಲ.

ಹೀಗೇಕೆ ಆಗುತ್ತದೆ? ಇದು ಮನೆಯಲ್ಲಿ ತಾತ ಇರುವ ಮಕ್ಕಳಿಗೂ, ಇನ್ನು ಕೆಲವೇ ವರ್ಷಗಳಲ್ಲಿ ನಿವೃತ್ತರಾಗಲಿರುವ ತಂದೆತಾಯಿಯರಿಗೂ ಉಪಯೋಗಕ್ಕೆ ಬರುವ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ವಾರ ಎಂಬುದು ಏನು, ಅದು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು.

ಮೇ 31ರ ಸಂಜೆ

ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. 2008ಕ್ಕೆ ಮುಂಚೆ ಅದು 58 ಆಗಿತ್ತು. 60 ತುಂಬುವ ತಿಂಗಳ ಕೊನೆಯ ದಿನದ ಅಪರಾಹ್ನ ನೌಕರರು ಸೇವೆಯಿಂದ ಬಿಡುಗಡೆಯಾಗುತ್ತಾರೆ. ತಿಂಗಳ ಒಂದನೆಯ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಶಾಲೆಗಳಲ್ಲಿ ಮೇ 31ರಂದು ನಿವೃತ್ತರಾಗುವವರ ಸಂಖ್ಯೆ ಹೆಚ್ಚಾಗಿ ಕಾಣುವುದಕ್ಕೂ ಒಂದು ಕಾರಣವಿದೆ. ಹಿಂದಿನ ಕಾಲದಲ್ಲಿ ಹಳ್ಳಿಗಳಲ್ಲಿ ಹುಟ್ಟಿದ ದಿನವನ್ನು ಬರೆದಿಡುವ ರೂಢಿ ಕಡಿಮೆ. ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಒಂದು ಅಂದಾಜಿನ ಮೇಲೆ ಜೂನ್ 1 ಎಂದೋ ಅದರ ಆಸುಪಾಸಿನ ಒಂದು ದಿನವೆಂದೋ ದಾಖಲೆಯಲ್ಲಿ ಬರೆದುಬಿಡುತ್ತಿದ್ದರು. ಹಾಗೆ ಬರೆದ ಒಂದು ಅಂಕಿ ಅರವತ್ತು ವರ್ಷಗಳ ಬದುಕಿನ ಲೆಕ್ಕವನ್ನು ನಿರ್ಧರಿಸಿತು.

ಕೃಷ್ಣರಾಜನಗರದಂಥ ತಾಲ್ಲೂಕು ಕೇಂದ್ರದಲ್ಲಿ ಇರುವ ಒಬ್ಬ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. 25ನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದವರು 35 ವರ್ಷ ಸೇವೆ ಮಾಡಿದರು. ಅಷ್ಟರಲ್ಲಿ ಸುಮಾರು 1,826 ವಾರಗಳು ಉರುಳಿದವು. ಅಷ್ಟೂ ವಾರಗಳಿಗೆ ಒಂದೊಂದು ಆಕಾರವಿತ್ತು. ಸೋಮವಾರದ ಪ್ರಾರ್ಥನೆಗೆ ತಡವಾಗಬಾರದು. ಶನಿವಾರ ಬೆಳಗಿನ ಶಾಲೆ, ಮೈದಾನದಲ್ಲಿ ಕವಾಯತು, ಮಧ್ಯಾಹ್ನಕ್ಕೆ ಬಿಡುಗಡೆ. ಶನಿವಾರ ಸಂಜೆ ಎಂದರೆ ಹಗುರ. ಭಾನುವಾರ ಬೆಳಿಗ್ಗೆ ಪತ್ರಿಕೆಯ ಜೊತೆಗೆ ಪುರವಣಿ. ಆವತ್ತು ತಡವಾಗಿ ಸ್ನಾನ, ಮಾಂಸಾಹಾರಿಗಳ ಮನೆಯಲ್ಲಿ ಬಾಡೂಟ. ಭಾನುವಾರ ಸಂಜೆ ಏಳಾಗುತ್ತಿದ್ದಂತೆ ಮಾತ್ರ ಹೊಟ್ಟೆಯಲ್ಲಿ ಒಂದು ಸಣ್ಣ ತಳಮಳ: ಉತ್ತರ ಪತ್ರಿಕೆಗಳ ಕಟ್ಟು ಇನ್ನೂ ಹಾಗೇ ಇದೆ, ನಾಳೆ ಸೋಮವಾರ!

ಜೂನ್ ತಿಂಗಳಲ್ಲಿ ಬೀದಿಯ ಮಕ್ಕಳೆಲ್ಲ ಹೊಸ ಚೀಲ ಹೆಗಲಿಗೇರಿಸಿ ಹೊರಟರೂ ಮೇಷ್ಟ್ರು ಹೊರಡುವ ಹಾಗಿಲ್ಲ. ಮೊದಲ ವಾರ ಹಬ್ಬದಂತೆ ಕಳೆಯುತ್ತದೆ. ಎರಡನೆಯ ವಾರ ಬ್ಯಾಂಕು, ಖಜಾನೆ, ಪಿಂಚಣಿಯ ಕಾಗದಪತ್ರಗಳ ಓಡಾಟ. ಒಂದು ದಿನ ಅವರು ಬ್ಯಾಂಕಿಗೆ ಹೋಗಿ ಬಾಗಿಲು ಹಾಕಿದ್ದನ್ನು ಕಂಡು ಮರಳಿ ಬರುತ್ತಾರೆ. ಆವತ್ತು ಎರಡನೆಯ ಶನಿವಾರವೆಂಬುದು ಅವರಿಗೆ ಹೊಳೆದಿರಲೇ ಇಲ್ಲ. ಕೆಲಸದಲ್ಲಿದ್ದಾಗ ತಿಂಗಳ ಮೊದಲ ದಿನವೇ ಎರಡನೆಯ ಶನಿವಾರ ಯಾವ ತಾರೀಖಿಗೆ ಬರುತ್ತದೆಂದು ನೋಡಿಟ್ಟುಕೊಳ್ಳುತ್ತಿದ್ದವರು ಇವರೇ.

ಸೂರ್ಯ ಚಂದ್ರರಿಗೆ ಗೊತ್ತಿಲ್ಲದ ವಾರ

ದಿನವನ್ನು ಕೊಟ್ಟದ್ದು ಭೂಮಿಯ ಸುತ್ತು. ತಿಂಗಳನ್ನು ಕೊಟ್ಟದ್ದು ಚಂದ್ರ, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ. ವರ್ಷವನ್ನು ಕೊಟ್ಟದ್ದು ಸೂರ್ಯನ ಸುತ್ತ ಭೂಮಿಯ ಪಯಣ, ಸುಮಾರು 365.24 ದಿನ. ವಾರವನ್ನು ಕೊಟ್ಟವರು ಯಾರು? 29.5ನ್ನು 7ರಿಂದ ಭಾಗಿಸಿ, 365.24ನ್ನು ಭಾಗಿಸಿ. ಎರಡೂ ಸರಿಯಾಗಿ ಭಾಗವಾಗುವುದಿಲ್ಲ. ಆಕಾಶದಲ್ಲಿ ಏಳು ದಿನಕ್ಕೊಮ್ಮೆ ಮರಳಿ ಬರುವ ಯಾವ ಸಂಗತಿಯೂ ಇಲ್ಲ. ವಾರವನ್ನು ಕೊಟ್ಟುಕೊಂಡವರು ಮನುಷ್ಯರೇ.

ಆದರೂ ಅದರ ಹೆಸರುಗಳು ಆಕಾಶದಿಂದಲೇ ಬಂದವು. ಹಿಂದಿನವರು ಬರಿಗಣ್ಣಿಗೆ ಕಾಣುವ, ನಕ್ಷತ್ರಗಳ ನಡುವೆ ಸರಿಯುವ ಏಳನ್ನು ಗುರುತಿಸಿದ್ದರು. ನಿಧಾನವಾಗಿ ಚಲಿಸುವುದರಿಂದ ಬೇಗ ಚಲಿಸುವುದರವರೆಗೆ ಅವುಗಳ ಕ್ರಮ ಹೀಗೆ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳಿಗೆ, ಅಂದರೆ 24 ಗಂಟೆಗಳಿಗೆ, ಇವರನ್ನು ಇದೇ ಕ್ರಮದಲ್ಲಿ ಒಡೆಯರನ್ನಾಗಿ ಮಾಡಿದರು. ಮೊದಲ ಹೋರೆಯ ಒಡೆಯನ ಹೆಸರೇ ಆ ದಿನದ ಹೆಸರು. 24ರಲ್ಲಿ ಮೂರು ಏಳುಗಳು ಕಳೆದರೆ ಉಳಿಯುವುದು 3. ಆದ್ದರಿಂದ ಶನಿಯಿಂದ ಆರಂಭವಾದ ದಿನ ಮುಗಿದ ಮೇಲೆ ಗುರು, ಮಂಗಳರನ್ನು ದಾಟಿ ಮರುದಿನದ ಮೊದಲ ಹೋರೆ ರವಿಯದಾಗುತ್ತದೆ. ರವಿಯಿಂದ ಹೀಗೆಯೇ ಎಣಿಸಿದರೆ ಚಂದ್ರ, ಅಂದರೆ ಸೋಮ, ಅಲ್ಲಿಂದ ಮಂಗಳ. ಬೆರಳು ಮಡಚಿ ಎಣಿಸಿದರೆ ಏಳೂ ವಾರಗಳು ಇಂದಿನ ಕ್ರಮದಲ್ಲಿಯೇ ಬರುತ್ತವೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಆರ್ಯಭಟ ಈ ನಿಯಮವನ್ನು ಹೇಳಿದ್ದಾನೆ. ಅದಕ್ಕೂ ಸ್ವಲ್ಪ ಮುಂಚೆ, ಕ್ರಿ.ಶ. 484ರ ಮಧ್ಯಪ್ರದೇಶದ ಏರಣ್ ಸ್ತಂಭ ಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ಭಾರತದ ಶಾಸನಗಳಲ್ಲಿ ವಾರದ ಹೆಸರು ಕಾಣುವ ಅತಿ ಹಳೆಯ ನಿದರ್ಶನಗಳಲ್ಲಿ ಅದು ಒಂದು.

ಏಳು ದಿನದ ಈ ಏರ್ಪಾಡನ್ನು ಬದಲಿಸಲು ಹೊರಟವರೂ ಇದ್ದರು. ಕ್ರಾಂತಿಯ ನಂತರ 1793ರಲ್ಲಿ ಫ್ರಾನ್ಸ್ ಹತ್ತು ದಿನಗಳ ವಾರವನ್ನು ಜಾರಿಗೆ ತಂದಿತು. ಹತ್ತು ದಿನಕ್ಕೊಂದು ರಜೆ ಜನಕ್ಕೆ ಹಿಡಿಸಲಿಲ್ಲ. 1806ರ ಆರಂಭಕ್ಕೆ ಆ ಪಂಚಾಂಗವೇ ಹೋಯಿತು. ರಜೆ ಭಾನುವಾರವೇ ಆಗಬೇಕೆಂಬ ನಿಯಮವೂ ಪ್ರಕೃತಿಯಲ್ಲಿಲ್ಲ. ನೆರೆಯ ನೇಪಾಳದಲ್ಲಿ ಬಹುಕಾಲದಿಂದ ಶನಿವಾರ ರಜೆ. ಸಂಯುಕ್ತ ಅರಬ್ ಎಮಿರೇಟ್ಸ್ ದೇಶವು ಶುಕ್ರವಾರ, ಶನಿವಾರಗಳಿದ್ದ ವಾರಾಂತ್ಯವನ್ನು 2022ರ ಜನವರಿಯಿಂದ ಶನಿವಾರ, ಭಾನುವಾರಗಳಿಗೆ ಸರಿಸಿತು. ಕರ್ನಾಟಕ ಸರ್ಕಾರದ ಕಚೇರಿಗಳಿಗೂ 2019ರಿಂದ ಎರಡನೆಯ ಶನಿವಾರದ ಜೊತೆಗೆ ನಾಲ್ಕನೆಯ ಶನಿವಾರವೂ ರಜೆಯಾಯಿತು. ಒಂದು ಆದೇಶದಿಂದ ಬದಲಾಗುವ ವಸ್ತು ಸೂರ್ಯೋದಯವಲ್ಲ, ವಾರ!

ಗುಹೆಯಲ್ಲಿ ಕಳೆದುಹೋದ 25 ದಿನ

ಹಾಗಿದ್ದರೆ ನಮ್ಮ ದೇಹಕ್ಕೆ ವಾರ ಗೊತ್ತಿದೆಯೇ?

ದಿನವಂತೂ ಗೊತ್ತಿದೆ. ಮೆದುಳಿನ ತಳಭಾಗದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಒಂದು ಪುಟ್ಟ ಜೀವಕೋಶಗಳ ಗುಂಪಿದೆ. ನಿದ್ದೆ, ಎಚ್ಚರ, ಮೈಶಾಖ, ಕೆಲವು ಹಾರ್ಮೋನುಗಳ ಏರಿಳಿತ ಇವನ್ನೆಲ್ಲ ಸುಮಾರು 24 ಗಂಟೆಗಳ ತಾಳಕ್ಕೆ ಕೂಡಿಸುವುದು ಅದರ ಕೆಲಸ. ಜೀವಕೋಶದೊಳಗಿನ ಈ ಗಡಿಯಾರದ ಯಂತ್ರರಚನೆಯನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಹುಮಾನ ಬಂತು.

ಫ್ರಾನ್ಸಿನ ಮಿಶೆಲ್ ಸಿಫ್ರ್ ಎಂಬ ಯುವ ಭೂವಿಜ್ಞಾನಿ 1962ರ ಜುಲೈಯಲ್ಲಿ ಆಲ್ಪ್ಸ್ ಪರ್ವತದ ಒಂದು ಗುಹೆಗೆ ಇಳಿದ. ಜೊತೆಗೆ ಗಡಿಯಾರವಿಲ್ಲ, ಕ್ಯಾಲೆಂಡರಿಲ್ಲ, ಬಿಸಿಲಿಲ್ಲ. ಸೆಪ್ಟೆಂಬರ್ 14ರಂದು ಅವನನ್ನು ಮೇಲೆ ಕರೆತಂದಾಗ ಅವನ ಲೆಕ್ಕದಲ್ಲಿ ಅದು ಆಗಸ್ಟ್ 20! ಇಪ್ಪತ್ತೈದು ದಿನ ಅವನ ಎಣಿಕೆಯಿಂದ ಜಾರಿಹೋಗಿದ್ದವು. ಆಶ್ಚರ್ಯವೆಂದರೆ ಅವನು ಮಲಗಿ ಏಳುತ್ತಿದ್ದ ಆವರ್ತನೆ ಸರಾಸರಿ 24 ಗಂಟೆ 31 ನಿಮಿಷ ಇತ್ತು. ದೇಹ ದಿನವನ್ನು ಬಹುಮಟ್ಟಿಗೆ ಸರಿಯಾಗಿಯೇ ಹಿಡಿದಿತ್ತು. ತಪ್ಪಿದ್ದು ಎಣಿಕೆ. ಭಾರತದಲ್ಲಿಯೂ ಎಂ.ಕೆ. ಚಂದ್ರಶೇಖರನ್ ಅವರು ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಹೊರಗಿನ ಕಾಲದ ಸುಳಿವೇ ಸಿಗದ ಕೋಣೆಯೊಂದನ್ನು ಕಟ್ಟಿಸಿ ಮನುಷ್ಯರ ದೇಹದ ಗಡಿಯಾರವನ್ನು ಅಭ್ಯಾಸ ಮಾಡಿದರು. ಮುಂದೆ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಶಾಸ್ತ್ರವನ್ನು ಬೆಳೆಸಿದರು.

ದಿನಕ್ಕೆ ಇರುವಂಥ ಗಡಿಯಾರ ವಾರಕ್ಕೂ ದೇಹದೊಳಗೆ ಇದೆ ಎಂಬುದಕ್ಕೆ ಅಷ್ಟು ಗಟ್ಟಿಯಾದ ಆಧಾರ ದೊರೆತಿಲ್ಲ. ಅಂದರೆ ವಾರ ಇರುವುದು ಮೈಯಲ್ಲಲ್ಲ, ಮೈಯ ಹೊರಗೆ. ಶಾಲೆಯ ಗಂಟೆಯಲ್ಲಿ, ಹಾಜರಿ ಪುಸ್ತಕದಲ್ಲಿ, ಸಂತೆಯಲ್ಲಿ, ಬೀದಿಯ ಸದ್ದಿನಲ್ಲಿ ಇದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನರಿಗೆ “ಇವತ್ತು ಯಾವ ವಾರ?” ಎಂದು ಕೇಳಿ, ಉತ್ತರ ಕೊಡಲು ಹಿಡಿದ ಸಮಯವನ್ನು ಅಳೆದರು. ಸೋಮವಾರ ಮತ್ತು ಶುಕ್ರವಾರ ಕೇಳಿದರೆ ಬೇಗ ಉತ್ತರ, ನಡುವಾರ ಕೇಳಿದರೆ ತಡ. ರಜೆಗೆ ಅಂಟಿಕೊಂಡ ದಿನಗಳಿಗೆ ಗಾಢವಾದ ಬಣ್ಣ, ನಡುವಿನವುಗಳಿಗೆ ತೆಳುವಾದ ಬಣ್ಣ. ಕೆಲಸಕ್ಕೆ ಹೋಗುವವರ ಗತಿಯೇ ಹೀಗಾದರೆ ಸೋಮವಾರವೂ ಇಲ್ಲದ, ಶನಿವಾರವೂ ಇಲ್ಲದ ನಿವೃತ್ತರಿಗೆ ಏಳೂ ದಿನಗಳು ನಡುವಾರದ ದಿನಗಳೇ ಆಗುತ್ತವೆ.

ರಜೆ ಎಂದರೆ ಏನು?

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲಸವಿಲ್ಲದ ದಿನವೇ ರಜೆಯಾಗಿದ್ದರೆ ನಿವೃತ್ತರಿಗೆ ನಿಜವಾಗಿಯೂ ದಿನವೂ ರಜೆಯೇ ಆಗಬೇಕಿತ್ತು. ಆದರೆ ಅನುಭವ ಹಾಗೆ ಹೇಳುವುದಿಲ್ಲ.

ಸೋವಿಯತ್ ಒಕ್ಕೂಟದಲ್ಲಿ 1929ರಲ್ಲಿ ಇದರ ದೊಡ್ಡ ಪ್ರಯೋಗವೇ ನಡೆಯಿತು. ಕಾರ್ಖಾನೆಯ ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು ಐದು ದಿನಗಳ ವಾರ ಮಾಡಿದರು. ಕೆಲಸಗಾರರನ್ನು ಐದು ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಬಣ್ಣ ಕೊಟ್ಟರು. ನಾಲ್ಕು ದಿನ ಕೆಲಸ, ಒಂದು ದಿನ ರಜೆ. ಲೆಕ್ಕದಲ್ಲಿ ಇದು ಲಾಭವೇ: ಆರು ದಿನ ದುಡಿದು ಒಂದು ದಿನ ವಿರಮಿಸುವ ಬದಲು ನಾಲ್ಕು ದಿನಕ್ಕೇ ವಿರಾಮ. ಆದರೆ ಗಂಡನ ಬಣ್ಣ ಒಂದು, ಹೆಂಡತಿಯ ಬಣ್ಣ ಇನ್ನೊಂದಾದರೆ? ಅವನ ರಜೆಯ ದಿನ ಅವಳು ಕಾರ್ಖಾನೆಯಲ್ಲಿ, ಮಕ್ಕಳು ಶಾಲೆಯಲ್ಲಿ, ಗೆಳೆಯರು ಯಂತ್ರದ ಮುಂದೆ. ಖಾಲಿ ಮನೆಯಲ್ಲಿ ಕುಳಿತವನಿಗೆ ರಜೆ ಶಿಕ್ಷೆಯಾಯಿತು. 1931ರಲ್ಲಿ ಎಲ್ಲರಿಗೂ ಒಂದೇ ದಿನ ರಜೆ ಬರುವಂತೆ ಆರು ದಿನದ ವಾರಕ್ಕೆ ಬದಲಾಯಿಸಿದರು. 1940ರ ಜೂನ್‌ನಲ್ಲಿ ಮತ್ತೆ ಏಳು ದಿನದ ವಾರ, ಭಾನುವಾರದ ರಜೆ.

ಅಮೆರಿಕದ ಒಂದು ಅಧ್ಯಯನ ಇದನ್ನೇ ಬೇರೆ ದಿಕ್ಕಿನಿಂದ ತೋರಿಸಿತು. ಸಮಾಜಶಾಸ್ತ್ರಜ್ಞರಾದ ಕ್ರಿಸ್ಟೊಬಾಲ್ ಯಂಗ್ ಮತ್ತು ಚೆಯೂನ್ ಲಿಮ್ 2014ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ತಮ್ಮ ದಿನದ ಸುಖದುಃಖಗಳ ಬಗ್ಗೆ ಕೊಟ್ಟ ಉತ್ತರಗಳನ್ನು ಪರಿಶೀಲಿಸಿದರು. ಕೆಲಸದಲ್ಲಿರುವವರ ಮನಸ್ಸು ಶನಿವಾರ, ಭಾನುವಾರ ಅರಳುತ್ತದೆ, ಸೋಮವಾರ ಮುದುಡುತ್ತದೆ. ಇದು ಎಲ್ಲರೂ ಊಹಿಸಬಹುದಾದದ್ದು. ಆದರೆ ಕೆಲಸವೇ ಇಲ್ಲದ ನಿರುದ್ಯೋಗಿಗಳ ಮನಸ್ಸೂ ಹೆಚ್ಚುಕಡಿಮೆ ಹಾಗೆಯೇ ಶನಿವಾರ ಅರಳಿ ಸೋಮವಾರ ಮುದುಡುತ್ತಿತ್ತು! ಅವರಿಗೆ ಸೋಮವಾರವೂ ಬಿಡುವೇ ಅಲ್ಲವೇ? ಬಿಡುವು ಹೌದು, ಆದರೆ ಸೋಮವಾರ ಅವರ ಜೊತೆಗೆ ಯಾರೂ ಬಿಡುವಾಗಿರುವುದಿಲ್ಲ.

ಈ ಅಧ್ಯಯನ ನಿರುದ್ಯೋಗಿಗಳದು, ನಿವೃತ್ತರದಲ್ಲ. ಆದರೂ ಕೃಷ್ಣರಾಜನಗರದ ಬೀದಿಗಳಲ್ಲಿ ನಡೆದರೆ ಇದೇ ಸತ್ಯ ಕಾಣಿಸುತ್ತದೆ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕೆಲಸದಲ್ಲಿರುವ ಮಗ, ಮಗಳು ಶುಕ್ರವಾರ ರಾತ್ರಿಯ ಬಸ್ಸಿಗೋ ಶನಿವಾರದ ರೈಲಿಗೋ ಬರುತ್ತಾರೆಂದರೆ ನಿವೃತ್ತ ದಂಪತಿಗಳ ಮನೆಯಲ್ಲಿ ಗುರುವಾರವೇ ಓಡಾಟ ಶುರು. ಭಾನುವಾರ ಸಂಜೆ ಅವರನ್ನು ನಿಲ್ದಾಣದಲ್ಲಿ ಬಿಟ್ಟು ಬಂದ ಮೇಲೆ ಮನೆ ಭಣಭಣ. ವಾರಾಂತ್ಯವನ್ನು ಅವರು ಕಳೆದುಕೊಂಡಿಲ್ಲ, ಮಕ್ಕಳಿಂದ ಎರವಲು ಪಡೆಯುತ್ತಿದ್ದಾರೆ. ಮಕ್ಕಳು ಬಾರದ ವಾರ ಆ ಎರವಲೂ ಇಲ್ಲ.

ನೇಗಿಲಿಗೆ ಸೋಮವಾರ ರಜೆ

ರಜೆ ಒಟ್ಟಾಗಿ ಮಾಡಿಕೊಂಡ ಏರ್ಪಾಡು ಎಂಬುದನ್ನು ಈ ಸೀಮೆಯ ರೈತರು ಬಹಳ ಹಿಂದೆಯೇ ಬಲ್ಲರು. ಹಳೆಯ ಮೈಸೂರು ಪ್ರಾಂತದ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಒಬ್ಬರ ಎತ್ತು ಮಾತ್ರವಲ್ಲ, ಊರಿನ ಎತ್ತುಗಳಿಗೆಲ್ಲ ಒಂದೇ ದಿನ ವಿಶ್ರಾಂತಿ. ಹಾಗಾಗಿ ಉಳುವವರಿಗೂ ಆವತ್ತು ಕಟ್ಟೆಯ ಮೇಲೆ ಕೂರಲು ಜೊತೆ ಸಿಗುತ್ತಿತ್ತು. ಈಗ ಟ್ರ್ಯಾಕ್ಟರು ಸೋಮವಾರವೂ ಓಡುತ್ತದೆ. ಎತ್ತು ಕಟ್ಟುವ ಮನೆಗಳಲ್ಲಿ ಮಾತ್ರ ಆ ರೂಢಿ ಉಳಿದಿದೆ.

ಕಾರ್ಖಾನೆಯ ಭಾನುವಾರ ಬಂದದ್ದು ಅದರ ಬಹುಕಾಲದ ನಂತರ, ಅದೂ ಸುಲಭವಾಗಿಯಲ್ಲ. ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ವಾರದ ರಜೆ ಬೇಕೆಂದು ಜೋತಿರಾವ್ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಹೋರಾಡಿದರು. ಗಿರಣಿ ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆ ಸೇರಿತು. ನಿವೃತ್ತಿಯೂ ಹೊಸದೇ. ವಯಸ್ಸಾದವರಿಗೆ ಪಿಂಚಣಿ ಕೊಡುವ ಕಾನೂನನ್ನು ಜರ್ಮನಿ 1889ರಲ್ಲಿ ಮಾಡಿದಾಗ ಅದಕ್ಕೆ ಇಟ್ಟ ವಯಸ್ಸು 70. ಭಾನುವಾರದ ರಜೆಯೂ ಪಿಂಚಣಿಯೂ ಹೆಚ್ಚುಕಡಿಮೆ ಒಂದೇ ಕಾಲದ ಕೂಸುಗಳು.

ಕೃಷ್ಣರಾಜನಗರ ತಾಲ್ಲೂಕು ಭತ್ತದ ಕಣಜವೆಂದು ಹೆಸರಾದದ್ದು. ಇಲ್ಲಿನ ಬಹುಪಾಲು ಜನಕ್ಕೆ ಭಾನುವಾರವೂ ಇಲ್ಲ, ನಿವೃತ್ತಿಯೂ ಇಲ್ಲ. ನಾಲೆಗೆ ನೀರು ಬಿಟ್ಟ ದಿನವೇ ಕೆಲಸದ ದಿನ. ಹಸು ಭಾನುವಾರವೆಂದು ಹಾಲು ನಿಲ್ಲಿಸುವುದಿಲ್ಲ, ಡೇರಿಗೆ ಎರಡೂ ಹೊತ್ತು ಹೋಗಲೇಬೇಕು. ರೈತರ ಕಾಲದ ಅಳತೆಯೂ ಬೇರೆ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುತ್ತಾನೆ. ಒಂದೊಂದು ಮಳೆ ನಕ್ಷತ್ರಕ್ಕೆ ಸುಮಾರು ಹದಿಮೂರೂವರೆ ದಿನ. ವಯಸ್ಸಾದ ರೈತರು ಒಂದು ದಿನ ಅಪರಾಹ್ನ ನಿವೃತ್ತರಾಗುವುದಿಲ್ಲ. ಮೊದಲು ನೇಗಿಲು ಮಗನ ಕೈಗೆ ಹೋಗುತ್ತದೆ, ಆಮೇಲೆ ನೀರು ಕಟ್ಟುವ ಕೆಲಸ. ಬೀಜ ಆರಿಸುವುದು, ಕಣ ಕಾಯುವುದು, ದನ ನೋಡಿಕೊಳ್ಳುವುದು ಕೊನೆಯವರೆಗೆ ಉಳಿಯುತ್ತವೆ. ಅದರಲ್ಲಿ ಕಷ್ಟವೂ ಇದೆ, ಬಡತನವೂ ಇದೆ. ಅದನ್ನು ಹೊಗಳಿ ಹಾಡಬೇಕಾಗಿಲ್ಲ. ಆದರೆ ನಿನ್ನೆಯವರೆಗೆ ಎಲ್ಲ, ಇವತ್ತಿನಿಂದ ಏನೂ ಇಲ್ಲ ಎಂಬ ಪ್ರಪಾತ ಮಾತ್ರ ಅಲ್ಲಿಲ್ಲ. ಆ ಪ್ರಪಾತ ಸಂಬಳದ ಕೆಲಸದವರದು.

ಅಡುಗೆಮನೆಗೆ ಭಾನುವಾರ ಎಲ್ಲಿದೆ?

ಗಂಡ ನಿವೃತ್ತರಾದಾಗ ಮನೆಯ ಇನ್ನೊಬ್ಬರ ವಾರವೂ ಬದಲಾಗುತ್ತದೆ ಎಂಬುದನ್ನು ಬೀಳ್ಕೊಡುಗೆಯ ಭಾಷಣಗಳು ಹೇಳುವುದಿಲ್ಲ. ಅವರು ಕೆಲಸದಲ್ಲಿದ್ದಾಗ ಮನೆಯಾಕೆಗೆ ಭಾನುವಾರವೇ ಅತಿ ಹೆಚ್ಚು ಕೆಲಸದ ದಿನ: ಎಲ್ಲರೂ ಮನೆಯಲ್ಲಿ, ಮೂರು ಹೊತ್ತೂ ಬಿಸಿ ಅಡುಗೆ, ಬಂದುಹೋಗುವವರು. ಸೋಮವಾರ ಹತ್ತು ಗಂಟೆಗೆ ಎಲ್ಲರೂ ಹೊರಟ ಮೇಲೆ ಸಿಗುತ್ತಿದ್ದ ಒಂದೆರಡು ಗಂಟೆಯೇ ಆಕೆಯ ರಜೆ. ನಿವೃತ್ತಿಯಾದ ಮರುದಿನದಿಂದ ಅದೂ ಹೋಯಿತು. ಮಧ್ಯಾಹ್ನದ ಬಿಸಿ ಊಟ, ಮೂರು ಗಂಟೆಗೆ ಕಾಫಿ, ಬಂದ ಗೆಳೆಯರಿಗೆ ಇನ್ನೊಂದು ಸಲ ಕಾಫಿ. ದಿನವೂ ಭಾನುವಾರ ಎಂಬ ಮಾತು ನಿಜವಾಗಿ ಅನ್ವಯಿಸುವುದು ಆಕೆಗೆ, ಆದರೆ ತಲೆಕೆಳಗಾಗಿ!

ಕೇಂದ್ರ ಸರ್ಕಾರದ 2019ರ ಕಾಲಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಆ 97 ನಿಮಿಷವೂ ಎಲ್ಲ ಗಂಡಸರದಲ್ಲ, ಏನಾದರೂ ಮನೆಗೆಲಸ ಮಾಡುವ ಗಂಡಸರ ಸರಾಸರಿ ಮಾತ್ರ. ನಿವೃತ್ತರ ಕೈಯಲ್ಲಿ ಈಗ ದಿನಕ್ಕೆ ಏಳೆಂಟು ಗಂಟೆಗಳಿವೆ. ವಾರದಲ್ಲಿ ಒಂದು ದಿನ ಅಡುಗೆಮನೆಯನ್ನು ಪೂರ್ತಿಯಾಗಿ ವಹಿಸಿಕೊಂಡರೆ ಇಬ್ಬರಿಗೂ ಒಂದೊಂದು ವಾರ ಹುಟ್ಟುತ್ತದೆ. ಅವರಿಗೆ ಕೆಲಸದ ದಿನ, ಆಕೆಗೆ ಇದುವರೆಗೆ ಕಾಣದ ಭಾನುವಾರ.

“ಇವತ್ತು ಯಾವ ವಾರ?”

ಇದು ವೈದ್ಯರು ಕೇಳುವ ಪ್ರಶ್ನೆಯೂ ಹೌದು. ಮರೆವಿನ ಕಾಯಿಲೆಯ ಅನುಮಾನ ಬಂದಾಗ ಬಳಸುವ, 1975ರಲ್ಲಿ ಪ್ರಕಟವಾದ ಪ್ರಸಿದ್ಧ ಸಣ್ಣ ಪರೀಕ್ಷೆಯಲ್ಲಿ ವರ್ಷ, ತಿಂಗಳು, ತಾರೀಖಿನ ಜೊತೆಗೆ ವಾರವನ್ನೂ ಕೇಳುತ್ತಾರೆ. ಹಾಗೆಂದು ತಾತ ಬುಧವಾರವನ್ನು ಮಂಗಳವಾರ ಎಂದರೆಂದು ಗಾಬರಿಯಾಗಬೇಕಿಲ್ಲ, ಮೊಮ್ಮಕ್ಕಳು ನಗಲೂಬಾರದು. ಬೇಸಿಗೆ ರಜೆಯಲ್ಲಿ ಮೂರು ವಾರ ಕಳೆದ ಮೇಲೆ ಮಕ್ಕಳಿಗೂ ವಾರ ತಪ್ಪುತ್ತದೆ. ಪತ್ರಿಕೆ ನೋಡಿದ ಕೂಡಲೇ, ಒಂದು ಸುಳಿವು ಸಿಕ್ಕ ಕೂಡಲೇ ಸರಿಪಡಿಸಿಕೊಂಡರೆ ಅದು ಮರೆವಿನ ಕಾಯಿಲೆಯಲ್ಲ, ವಾರಕ್ಕೆ ಗುರುತಿಲ್ಲದಿರುವುದು ಅಷ್ಟೆ. ಸುಳಿವು ಕೊಟ್ಟರೂ ಹೊಳೆಯದಿದ್ದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಗೊತ್ತಿರುವ ದಾರಿಯೇ ತಪ್ಪುತ್ತಿದ್ದರೆ “ವಯಸ್ಸಾಯಿತು ಬಿಡಿ” ಎನ್ನದೆ ವೈದ್ಯರಿಗೆ ತೋರಿಸಬೇಕು. ಈ ವ್ಯತ್ಯಾಸವನ್ನು ಮೊದಲು ಗಮನಿಸಬಲ್ಲವರು ಮನೆಯವರೇ.

ಊರಿನಲ್ಲಿ ವಾರದ ಗುರುತುಗಳಿಗೆ ಬರವಿಲ್ಲ. ಕ್ಷೌರದಂಗಡಿಯ ಬಾಗಿಲು ಹಾಕಿದ್ದರೆ ಮಂಗಳವಾರ. ಸಾರ್ವಜನಿಕ ಗ್ರಂಥಾಲಯ ಮುಚ್ಚಿದ್ದರೆ ಸೋಮವಾರ. ಮಾಂಸದಂಗಡಿಯ ಮುಂದೆ ಸಾಲು ಇದ್ದರೆ ಭಾನುವಾರ. ಹಿಂದಿನವರಂತೂ ಊರಿಗೇ ವಾರದ ಹೆಸರಿಟ್ಟರು: ಪಕ್ಕದ ಕೊಡಗಿನ ಸೋಮವಾರಪೇಟೆ, ಶನಿವಾರಸಂತೆಗಳನ್ನು ನೆನೆಯಿರಿ. ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ಸೊರಗಿದ ಎಡತೊರೆಗೆ ಬದಲಾಗಿ ಕಟ್ಟಿದ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಈ ಊರಿಗೂ ನದಿಯ ದಡದ ಅರ್ಕೇಶ್ವರ ಇದ್ದಾನೆ. ಅರ್ಕ ಎಂದರೆ ಸೂರ್ಯ, ಭಾನುವಾರದ ಒಡೆಯ. ಆದರೆ ಶಿವನ ಗುಡಿಗೆ ಜನ ಹೆಚ್ಚಾಗಿ ಹೋಗುವುದು ಸೋಮವಾರ. ಇಷ್ಟೆಲ್ಲ ಗುರುತುಗಳಿದ್ದರೂ ಇವನ್ನು ಬರಿದೆ ನೋಡಿದರೆ ಸಾಲದು. ಪಾಲುದಾರರಾದರೆ ಮಾತ್ರ ವಾರ ಮೈಗೆ ಹತ್ತುತ್ತದೆ.

ಭಾನುವಾರ ಬೇಕಾದರೆ ಬುಧವಾರ ಕೊಡಿ

ಆದ್ದರಿಂದ ನಿವೃತ್ತರಿಗೆ ಬೇಕಾಗಿರುವುದು ಇನ್ನಷ್ಟು ಬಿಡುವಲ್ಲ. ವಾರದಲ್ಲಿ ಒಂದೋ ಎರಡೋ ದಿನ, ಯಾರೋ ಕಾಯುತ್ತಿರುತ್ತಾರೆ ಎಂಬ ಕೆಲಸ. “ಬಿಡುವಾದಾಗ ಮಾಡಿ” ಎಂದು ಕೊಟ್ಟ ಕೆಲಸಕ್ಕೆ ವಾರವಿಲ್ಲ. ವಿದ್ಯುತ್ ಬಿಲ್ಲು, ಗ್ಯಾಸು, ಪಡಿತರ, ಮೊಮ್ಮಗನನ್ನು ಬಸ್ಸಿಗೆ ಬಿಡುವುದು ಎಲ್ಲವನ್ನೂ “ತಾತ ಹೇಗೂ ಖಾಲಿ ಇರುತ್ತಾರೆ” ಎಂದು ಅವರ ತಲೆಗೆ ಕಟ್ಟುವ ಮನೆಗಳಿವೆ. ಅದರಿಂದ ಅವರ ಸಮಯ ತುಂಬುತ್ತದೆ, ವಾರ ತುಂಬುವುದಿಲ್ಲ. ಯಾವಾಗ ಬೇಕಾದರೂ ಕರೆಯಬಹುದಾದವರಿಗೆ ರಜೆಯೇ ಇಲ್ಲ.

ಬದಲಿಗೆ, ಬುಧವಾರ ಸಂಜೆ ಐದಕ್ಕೆ ತಾತನ ಬಳಿ ಗಣಿತ ಎಂದು ಗೊತ್ತುಮಾಡಿ. ಬೀದಿಯ ಇನ್ನು ನಾಲ್ಕು ಮಕ್ಕಳು ಸೇರಲಿ. ಬುಧವಾರ ಬಂತೆಂದರೆ ಅವರು ಬೆಳಿಗ್ಗೆಯೇ ಪುಸ್ತಕ ತಿರುವಿ ಹಾಕುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು ವಾರಕ್ಕೊಂದು ದಿನ ನೆರೆಹೊರೆಯವರ ಅರ್ಜಿ ತುಂಬಿಕೊಡಬಹುದು. ದಾದಿಯಾಗಿದ್ದವರು ಶುಕ್ರವಾರ ಬೀದಿಯ ಹಿರಿಯರ ರಕ್ತದೊತ್ತಡ ನೋಡಬಹುದು. ಸಹಕಾರ ಸಂಘ, ಗ್ರಂಥಾಲಯ, ಶಾಲಾಭಿವೃದ್ಧಿ ಸಮಿತಿ ಎಲ್ಲಿಯಾದರೂ ಸರಿ, ದಿನ ಮತ್ತು ಹೊತ್ತು ನಿಗದಿಯಾಗಿರಬೇಕು, ತಪ್ಪಿದರೆ ಯಾರಾದರೂ “ಯಾಕೆ ಬರಲಿಲ್ಲ?” ಎಂದು ಕೇಳಬೇಕು. ಬುಧವಾರಕ್ಕೆ ಹೀಗೆ ಬಣ್ಣ ಬಂದರೆ ಭಾನುವಾರಕ್ಕೂ ತಾನಾಗಿ ಬರುತ್ತದೆ. ನಿವೃತ್ತಿಗೆ ಇನ್ನೂ ಐದಾರು ವರ್ಷ ಇರುವ ತಂದೆತಾಯಿಯರು ಆ ಒಂದು ದಿನವನ್ನು ಈಗಲೇ ಹುಡುಕಿಕೊಳ್ಳುವುದು ಒಳ್ಳೆಯದು. ಪಿಂಚಣಿಯ ಲೆಕ್ಕ ಹಾಕುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಮಾಡಿ ನೋಡಿ

ವಿದ್ಯಾರ್ಥಿಗಳಿಗೆ ಎರಡು ಕೆಲಸ. ಮೊದಲನೆಯದು ಲೆಕ್ಕ. 365 ದಿನದಲ್ಲಿ 52 ವಾರ ಹೋಗಿ 1 ದಿನ ಉಳಿಯುತ್ತದೆ. ಆದ್ದರಿಂದ ಒಂದು ತಾರೀಖು ವರ್ಷಕ್ಕೆ ಒಂದು ವಾರ ಮುಂದೆ ಸರಿಯುತ್ತದೆ, ನಡುವೆ ಫೆಬ್ರುವರಿ 29 ಬಂದರೆ ಇನ್ನೊಂದು. 1947ರ ಆಗಸ್ಟ್ 15 ಶುಕ್ರವಾರ. 2025ರ ಆಗಸ್ಟ್ 15 ಯಾವ ವಾರ? ವರ್ಷಗಳು 78, ನಡುವಿನ ಅಧಿಕ ದಿನಗಳು 20, ಒಟ್ಟು 98. ಇದು 7ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದ್ದರಿಂದ ಅದೂ ಶುಕ್ರವಾರವೇ. ಇದೇ ರೀತಿ 60 ವರ್ಷಕ್ಕೆ 60, ಅಧಿಕ ದಿನ 15, ಒಟ್ಟು 75. ಏಳರಿಂದ ಭಾಗಿಸಿದರೆ ಶೇಷ 5. ಸೋಮವಾರ ಹುಟ್ಟಿದವರಿಗೆ 60 ತುಂಬುವುದು ಶನಿವಾರ. ತಾತ, ಅಜ್ಜಿ ಹುಟ್ಟಿದ್ದು, ಕೆಲಸಕ್ಕೆ ಸೇರಿದ್ದು, ನಿವೃತ್ತರಾದದ್ದು ಯಾವ ಯಾವ ವಾರ ಎಂದು ಕಂಡುಹಿಡಿದು ಅವರಿಗೇ ಹೇಳಿ. ಆ ದಿನ ಏನೇನಾಯಿತೆಂದು ಅವರು ಹೇಳಲು ಶುರುಮಾಡಿದರೆ ನಡುವೆ ಎದ್ದು ಹೋಗಬೇಡಿ.

ಎರಡನೆಯದು ವೀಕ್ಷಣೆ. ಹಾಳೆಯಲ್ಲಿ ಏಳು ಕಂಬಸಾಲು ಎಳೆದು ಮನೆಯ ಒಬ್ಬೊಬ್ಬರಿಗೂ ಒಂದೊಂದು ಅಡ್ಡಸಾಲು ಕೊಡಿ. ನಾಲ್ಕು ವಾರ, ಪ್ರತಿದಿನ ರಾತ್ರಿ, ಆ ದಿನ ಅವರಿಗೆ ಗೊತ್ತುಪಡಿಸಿದ ಕೆಲಸ ಇತ್ತೇ, ಬಿಡುವು ಇತ್ತೇ, ಬಿಡುವಿನಲ್ಲಿ ಜೊತೆಗೆ ಯಾರಾದರೂ ಇದ್ದರೇ ಎಂದು ಗುರುತು ಹಾಕಿ. ತಿಂಗಳಾದ ಮೇಲೆ ಆ ಹಾಳೆಯನ್ನು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಇಡಿ. ಯಾರ ಸಾಲಿನಲ್ಲಿ ಬಿಡುವೇ ಇಲ್ಲ, ಯಾರ ಸಾಲಿನಲ್ಲಿ ಬಿಡುವಿದ್ದರೂ ಜೊತೆ ಇಲ್ಲ ಎಂಬುದು ಆಗ ಕಾಣುತ್ತದೆ. ಮುಂದಿನ ತಿಂಗಳ ಬುಧವಾರಗಳನ್ನು ಯಾರಿಗೆ ಕೊಡಬೇಕು, ಭಾನುವಾರಗಳನ್ನು ಯಾರಿಗೆ ಬಿಡಬೇಕು ಎಂದು ಅಲ್ಲಿಯೇ ಕುಳಿತು ಗೊತ್ತುಮಾಡಿಕೊಳ್ಳಬಹುದು.